ತಾಯಿ ಹೆಸರು ಬರೆಸಿದ ಓಟ

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ತಾಯಿಯ ಹೆಸರು ನಿಮಗೆ ಗೊತ್ತು. ತಾಯಿಯ ತಾಯಿ ಹೆಸರು? ಅದೂ ಗೊತ್ತಿರಬಹುದು. ಆಕೆಯ ತಾಯಿ? ಆಕೆಯ ತಾಯಿಯ ತಾಯಿ? ಸ್ವಲ್ಪ ಯೋಚನೆ ಮಾಡ್ತಾ ಇರಿ. ಅಷ್ಟರಲ್ಲಿ ನಾನೊಂದು ಕುದುರೆ ಕಥೆ ಹೇಳಿ ಮುಗಿಸ್ತೀನಿ.

ಕಳೆದ ಸಲ ವಿಜಯಪುರಕ್ಕೆ ಹೋದಾಗ ಇಬ್ರಾಹಿಂ ರೋಜಾದಿಂದ ಗೋಳಗುಮ್ಮಟಕ್ಕೆ ಟಾಂಗಾ ಹತ್ತಿದೆ. ಆಟೋಗಳು ಬೇಕಾದಷ್ಟಿವೆ. ಆದರೆ ಈ ಊರಿಗೆ ಬಂದು ಟಾಂಗಾ ಹತ್ತದೆ ವಾಪಸ್ ಹೋದರೆ ಏನೋ ಬಾಕಿ ಉಳಿಸಿಕೊಂಡ ಹಾಗೆ ಅನ್ನಿಸುತ್ತೆ. ಗಾಡಿ ಹೊಡೆಯುವ ಚಾಚಾಗೆ ಎಪ್ಪತ್ತರ ಆಸುಪಾಸು. ಬಾರುಕೋಲು ಕೈಯಲ್ಲಿತ್ತು, ಆದರೆ ಒಂದು ಸಲವೂ ಎತ್ತಲಿಲ್ಲ. ನಾಲಿಗೆಯಿಂದ ಟಕ್ ಟಕ್ ಅಂದರೆ ಸಾಕು, ಕುದುರೆ ತಿರುಗುತ್ತಿತ್ತು.

"ಚಾಚಾ, ಕುದುರಿ ಹೆಸರೇನ್ರಿ?" ಅಂದೆ.

"ನೂರಿ ಅಂತ ಕರೀತೀವ್ರಿ ಸಾಹೇಬ್ರ. ಹೆಣ್ಣ ಐತಿ. ಇದರವ್ವ ರಾಣಿ ಅಂತ ಇತ್ತು, ಅದೂ ಇದೇ ಗಾಡಿ ಎಳೀತು. ರಾಣಿ ಅವ್ವನ್ನ ನಮ್ಮ ಅಬ್ಬಾ ಸಂತ್ಯಾಗ ತಂದಿದ್ರು."

"ಮತ್ತ ಇದರಪ್ಪ ಯಾವುದ್ರಿ?"

ಚಾಚಾ ನಕ್ಕುಬಿಟ್ಟರು. "ಅದನ್ಯಾರ ನೆನಪ ಇಡ್ತಾರ್ರಿ? ಗಂಡ ಕುದುರಿ ಬರತೈತಿ, ಹೋಗತೈತಿ. ಮನ್ಯಾಗ ಇರೂದು ಅವ್ವ."

ನೋಡಿ, ಈ ಮಾತನ್ನ ಒಪ್ಪಿಕೊಳ್ಳೋಕೆ ಜಗತ್ತಿನ ರೇಸ್ ಕುದುರೆ ಮಾಲೀಕರಿಗೆ ತಲೆಮಾರುಗಳೇ ಬೇಕಾದವು. ಒಪ್ಪಿಸಿದ್ದು ಯಾವ ಪಂಡಿತನೂ ಅಲ್ಲ. ಒಂದು ಓಟ. ಎಳೆಯ ಹೆಣ್ಣು ಕುದುರೆಗಳಿಗೆ ಮಾತ್ರ ಅಂತ ವರ್ಷಕ್ಕೊಮ್ಮೆ ನಡೆಯುವ ಪಣದ ಓಟ. ರೇಸಿನ ಭಾಷೆಯಲ್ಲಿ ಫಿಲ್ಲಿಗಳ ಸ್ಟೇಕ್ಸ್. ನಾಲ್ಕು ವರ್ಷದವರೆಗಿನ ಹೆಣ್ಣು ಕುದುರೆ ಫಿಲ್ಲಿ, ಅದೇ ವಯಸ್ಸಿನ ಗಂಡು ಕೋಲ್ಟ್. ಇನ್ನು ಸ್ಟೇಕ್ಸ್ ಅಂದರೆ ಏನೋ ದೊಡ್ಡ ಇಂಗ್ಲಿಷ್ ವ್ಯವಹಾರ ಅಂದುಕೋಬೇಡಿ. ಓಡಿಸುವವರೆಲ್ಲ ಇಷ್ಟಿಷ್ಟು ದುಡ್ಡು ಮುಂಚೆಯೇ ಇಡೋದು, ಗೆದ್ದವನು ಆ ಗಂಟಿನ ದೊಡ್ಡ ಪಾಲು ಒಯ್ಯೋದು. ನಮ್ಮ ಕಡೆ ಜಾತ್ರೆಗಳಲ್ಲಿ ಬಂಡಿ ಓಡಿಸುವಾಗ ಶರ್ಯತ್ತು ಅಂತೀವಲ್ಲ, ಅದೇ ಇದು.

ಆ ಓಟದ ಕಥೆಗೆ ಮುಂಚೆ ಇದೇ ಊರಿನ ಕುದುರೆ ಕಥೆ ಸ್ವಲ್ಪ ಕೇಳಿ. ಇಲ್ಲದಿದ್ದರೆ ತಾಯಿ ಕುದುರೆಯ ಬೆಲೆ ಅರ್ಥ ಆಗಲ್ಲ.

ದಖನ್ನಿನ ರಾಜ್ಯಗಳು ನಿಂತಿದ್ದೇ ಕುದುರೆ ಬೆನ್ನ ಮೇಲೆ. ಆದರೆ ಒಳ್ಳೆ ಯುದ್ಧದ ಕುದುರೆ ಇಲ್ಲಿ ಬೇಕಾದಷ್ಟು ಹುಟ್ಟುತ್ತಿರಲಿಲ್ಲ. ಅರೇಬಿಯಾದಿಂದ, ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಬರಬೇಕು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನೋ ರಷ್ಯಾದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆ ಹಡಗಿನಲ್ಲಿ ಹಾಕಿಕೊಂಡು ಚೌಲ್ ಬಂದರಿಗೆ ಬಂದಿಳಿದ. ದಾರಿಯಲ್ಲಿ ಜುನ್ನರಿನ ಖಾನ ಆ ಕುದುರೆಯನ್ನ ಕಿತ್ತುಕೊಂಡ. ಹೇಗೋ ಬಿಡಿಸಿಕೊಂಡು ಬೀದರ್‌ವರೆಗೆ ತಂದು ಮಾರಿದ. ಒಂದು ಕುದುರೆ ಮಾರೋಕೆ ಸಮುದ್ರ ದಾಟುವಷ್ಟು ಲಾಭ ಇತ್ತು ಅಂದರೆ ಬೆಲೆ ಎಷ್ಟಿರಬೇಕು, ಲೆಕ್ಕ ಹಾಕಿ.

ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರಂತೆ. ಅದಕ್ಕಿಂತ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಇನ್ನೂ ವಿಚಿತ್ರ. ಸತ್ತ ಕುದುರೆಗೂ ದುಡ್ಡು! ಸಮುದ್ರದಲ್ಲಿ ಸತ್ತರೆ ವ್ಯಾಪಾರಿ ಅದರ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯಷ್ಟೇ ಹಣ ಸಿಗುತ್ತಿತ್ತಂತೆ. ಬಾಲಕ್ಕೆ ದುಡ್ಡು ಕೊಟ್ಟಾದರೂ ಸರಿ, ಹಡಗು ಬರೋದು ನಿಲ್ಲಬಾರದು.

ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿ ಗೋವಾ ಬಂದರು ಇತ್ತು. ಅರಬ್ಬಿ ಕುದುರೆ ಇಳಿಯುತ್ತಿದ್ದ ಬಾಗಿಲು ಅದು. 1510ರ ನವೆಂಬರಿನಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನ ಕಿತ್ತುಕೊಂಡ. 1547ರಲ್ಲಿ ಪೋರ್ಚುಗೀಸರು ವಿಜಯನಗರದ ಜೊತೆ ಒಪ್ಪಂದವನ್ನೇ ಮಾಡಿಕೊಂಡರು: ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೆ ಹೋಗಬೇಕು, ವಿಜಯಪುರಕ್ಕೆ ಅಲ್ಲ. ಇವತ್ತು ಪೆಟ್ರೋಲ್ ಹಡಗು ತಡೆದರೆ ದೇಶಗಳು ಒದ್ದಾಡ್ತವಲ್ಲ, ಅಂಥದ್ದೇ ಪೆಟ್ಟು ಅದು.

ಈಗ ಅಸಲಿ ಪ್ರಶ್ನೆ. ವರ್ಷ ವರ್ಷ ಸಾವಿರಗಟ್ಟಲೆ ಕೊಂಡರಲ್ಲ, ಇಲ್ಲೇ ಸಾಕಿ ಬೆಳೆಸಬಹುದಿತ್ತಲ್ಲ? ಹವೆ ಒಗ್ಗಲಿಲ್ಲ, ಮೇವು ಒಗ್ಗಲಿಲ್ಲ, ಎಲ್ಲ ನಿಜ. ಅದರ ಜೊತೆ ಇನ್ನೊಂದು ಕಾರಣ ಇದೆ. ಅರಬ್ ಮರುಭೂಮಿಯ ಬೆದೂಯಿನರು ಗಂಡು ಕುದುರೆ ಮಾರುತ್ತಿದ್ದರು, ಹೆಣ್ಣು ಕುದುರೆಯನ್ನ ಸುಲಭಕ್ಕೆ ಬಿಡುತ್ತಿರಲಿಲ್ಲ. ದಾಳಿಗೆ ಹೋಗುವಾಗ ಅವರು ಏರುತ್ತಿದ್ದದ್ದು ಹೆಣ್ಣು ಕುದುರೆಯನ್ನ. ಕುಹೈಲಾನ್, ಸಕ್ಲಾವಿ ಅಂತ ಅವರ ಕುದುರೆ ಮನೆತನಗಳಿವೆ. ಆ ಮನೆತನದ ಹೆಸರು ಮರಿಗೆ ಬರೋದು ಅಪ್ಪನಿಂದಲ್ಲ, ತಾಯಿಯಿಂದ. ಹಾಗಾಗಿ ಹಡಗು ಹತ್ತಿ ನಮ್ಮ ಕಡೆ ಬಂದಿದ್ದು ಹೆಚ್ಚಾಗಿ ಗಂಡು. ತಾಯಿ ಮಾತ್ರ ಮರುಭೂಮಿಯಲ್ಲೇ ಉಳಿಯಿತು. ತಾಯಿ ಇಲ್ಲದ ಕಡೆ ತಳಿ ಎಲ್ಲಿಂದ ಬರಬೇಕು ಹೇಳಿ? ಬೀಜ ಕೊಂಡ್ವಿ, ಹೊಲ ಇರಲಿಲ್ಲ.

ಇಬ್ರಾಹಿಂ ಆದಿಲ್‌ಶಾಹನ ಆನೆಯ ಹೆಸರು ಇವತ್ತಿಗೂ ಗೊತ್ತು, ಆತಶ್ ಖಾನ್. ಅವನ ತಂಬೂರಿಯ ಹೆಸರೂ ಗೊತ್ತು, ಮೋತಿ ಖಾನ್. ಚಾಂದ್ ಬೀಬಿ ಕುದುರೆ ಏರಿ, ಕೈ ಮೇಲೆ ಡೇಗೆ ಹಕ್ಕಿ ಕೂರಿಸಿಕೊಂಡು ಬೇಟೆಗೆ ಹೊರಟ ಚಿತ್ರ ನೀವೂ ನೋಡಿರ್ತೀರಿ. ಎಷ್ಟೋ ಜನ ಕಲಾವಿದರು ಅದನ್ನ ಮತ್ತೆ ಮತ್ತೆ ಬರೆದಿದ್ದಾರೆ. ರಾಣಿಯ ಹೆಸರು ಉಳಿಯಿತು. ಆಕೆಯನ್ನ ಹೊತ್ತ ಕುದುರೆಯ ಹೆಸರು ಚಿತ್ರದಲ್ಲಿಲ್ಲ.

ಇನ್ನು ಇಂಗ್ಲೆಂಡಿಗೆ ಹೋಗೋಣ. ಅವರೂ ನಮ್ಮ ಹಾಗೇ ಪೂರ್ವದಿಂದ ಗಂಡು ಕುದುರೆ ತರಿಸಿಕೊಂಡವರೇ. 17ನೇ ಶತಮಾನದ ಕೊನೆಯಿಂದ 18ನೇ ಶತಮಾನದ ಮೊದಲ ಭಾಗದವರೆಗೆ ಬಂದ ಮೂರು ಗಂಡು ಕುದುರೆಗಳು ಪ್ರಸಿದ್ಧ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇವತ್ತು ಜಗತ್ತಿನಲ್ಲಿ ಓಡುವ ಪ್ರತಿಯೊಂದು ಥರೋಬ್ರೆಡ್ ಕುದುರೆಯ ಅಪ್ಪ, ಅಪ್ಪನ ಅಪ್ಪ ಅಂತ ಹಿಡಿದುಕೊಂಡು ಹೋದರೆ ಈ ಮೂವರಲ್ಲಿ ಒಬ್ಬರ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೀರಿ. ನಮಗೂ ಅವರಿಗೂ ವ್ಯತ್ಯಾಸ ಏನು ಅಂದರೆ ಅವರ ಹತ್ತಿರ ತಾಯಂದಿರಿದ್ದರು. ಹೊರಗಿಂದ ಬಂದ ಕೆಲವು, ಅಲ್ಲಿಯೇ ಓಡಿ ಓಡಿ ಪಳಗಿದ ಕೆಲವು.

ಆ ತಾಯಂದಿರ ಹೆಸರು ಕೇಳಿ. 'ಟ್ರೆಗಾನ್ವೆಲ್‌ನ ಬಾರ್ಬ್ ಹೆಣ್ಣು ಕುದುರೆ'. 'ಬರ್ಟನ್‌ನ ಬಾರ್ಬ್ ಹೆಣ್ಣು ಕುದುರೆ'. ಅಷ್ಟೇ! ಟ್ರೆಗಾನ್ವೆಲ್, ಬರ್ಟನ್ ಅನ್ನೋದು ಮಾಲೀಕರ ಹೆಸರು. ಇನ್ನು ಕೆಲವಕ್ಕೆ ಅದೂ ಇಲ್ಲ. 'ಇಂಥ ಗಂಡು ಕುದುರೆಯ ಮಗಳು' ಅಂತ ಬರೆದು ಕೈತೊಳೆದುಕೊಂಡರು. 1791ರಲ್ಲಿ ಜೇಮ್ಸ್ ವೆದರ್‌ಬಿ ರೇಸ್ ಕುದುರೆಗಳ ವಂಶಾವಳಿ ಪುಸ್ತಕ ಮಾಡೋಕೆ ಕೂತ. ಅದೇ ಜನರಲ್ ಸ್ಟಡ್ ಬುಕ್. ಅದರ ಹಳೆಯ ಪುಟಗಳಲ್ಲಿ ಹೆಸರಿಲ್ಲದ ತಾಯಂದಿರು ಸಾಲು ಸಾಲು. ಯಾರ ಹೆಂಡತಿ, ಯಾರ ಮಗಳು ಅಂತ ಮಾತ್ರ ಗೊತ್ತು. ಎಲ್ಲೋ ಕೇಳಿದ ಹಾಗೆ ಇದೆಯಲ್ಲ?

ಆಗಿನ ರೇಸುಗಳು ಬೆಳೆದ ಕುದುರೆಗಳ, ಮೈಲುಗಟ್ಟಲೆ ಉದ್ದದ ಓಟಗಳು. 18ನೇ ಶತಮಾನದ ಕೊನೆಗೆ ಮಾಲೀಕರಿಗೆ ಅವಸರ ಬಂತು. ಮೂರೇ ವರ್ಷದ ಕುದುರೆ ಓಡಿಸೋಣ, ದೂರ ಕಡಿಮೆ ಮಾಡೋಣ ಅಂದರು. 1776ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ಅಂಥದ್ದೊಂದು ಓಟ ಶುರುವಾಯಿತು. ಅದೇ ಮುಂದೆ ಸೇಂಟ್ ಲೆಜರ್ ಅನ್ನಿಸಿಕೊಂಡಿತು. ಗಂಡು ಹೆಣ್ಣು ಎರಡೂ ಓಡಬಹುದಾಗಿದ್ದ ಓಟ. ಗೆದ್ದಿದ್ದು ಯಾರು? ಹೆಣ್ಣು. ಗೆದ್ದ ದಿನ ಆಕೆಗೆ ಹೆಸರೇ ಇರಲಿಲ್ಲ! ಗೆದ್ದ ಮೇಲೆ ಅಲ್ಲಾಬಕ್ಯುಲಿಯಾ ಅಂತ ಇಟ್ಟರು. ಹೆಸರು ಬೇಕಾದರೆ ಮೊದಲು ಗೆಲ್ಲಬೇಕು, ಆಮೇಲೆ ನೋಡೋಣ ಅನ್ನೋ ಲೆಕ್ಕ.

ಮೂರು ವರ್ಷ ಕಳೆಯಿತು. 1779ರಲ್ಲಿ ಎಪ್ಸಮ್ ಅನ್ನೋ ಊರಲ್ಲಿ, ಡರ್ಬಿಯ 12ನೇ ಅರ್ಲ್ ಮೂರು ವರ್ಷದ ಹೆಣ್ಣು ಕುದುರೆಗಳಿಗೆ ಮಾತ್ರ ಅಂತ ಒಂದು ಓಟ ಮಾಡಿಸಿದ. ದೂರ ಒಂದೂವರೆ ಮೈಲಿ, ಈಗಿನ ಲೆಕ್ಕಕ್ಕೆ ಸುಮಾರು 2400 ಮೀಟರ್. ಹತ್ತಿರದಲ್ಲಿದ್ದ ಅವನ ಮನೆ ಹೆಸರು ದಿ ಓಕ್ಸ್. ಓಟಕ್ಕೂ ಅದೇ ಹೆಸರು. ಮೊದಲ ವರ್ಷ ಗೆದ್ದಿದ್ದು ಬ್ರಿಜೆಟ್, ಅವನದೇ ಕುದುರೆ.

ಇಲ್ಲೊಂದು ವಿಷಯ ಗಮನಿಸಿ. ಡರ್ಬಿ ಅನ್ನೋ ಹೆಸರು ರೇಸ್ ನೋಡದವರಿಗೂ ಗೊತ್ತು. ಆ ಡರ್ಬಿ ಶುರುವಾಗಿದ್ದು 1780ರಲ್ಲಿ, ಅಂದರೆ ಓಕ್ಸ್ ಆದ ಮರು ವರ್ಷ. ಮೊದಲು ಬಂದಿದ್ದು ಹೆಣ್ಣಿನ ಓಟ. ಅದು ಚೆನ್ನಾಗಿ ನಡೀತು ಅಂತ ಎಲ್ಲರ ಓಟ ಆಮೇಲೆ ಬಂತು. ಹೆಸರು ಮಾತ್ರ ತಮ್ಮನಿಗೆ ಜಾಸ್ತಿ ಬಂತು, ಅಕ್ಕ ಹಿಂದೆ ಉಳಿದಳು.

ಮುಂದೆ ನ್ಯೂಮಾರ್ಕೆಟ್‌ನಲ್ಲಿ ಎರಡು ಓಟ ಸೇರಿದವು. 1809ರಲ್ಲಿ 2000 ಗಿನಿ. 1814ರಲ್ಲಿ 1000 ಗಿನಿ, ಇದು ಹೆಣ್ಣು ಕುದುರೆಗಳಿಗೆ ಮಾತ್ರ, ಒಂದು ಮೈಲಿ. ಮೊದಲು ಗೆದ್ದಾಕೆ ಶಾರ್ಲೆಟ್. ಗಿನಿ ಅನ್ನೋದು ಆಗಿನ ಚಿನ್ನದ ನಾಣ್ಯ, ಒಂದು ಪೌಂಡ್ ಒಂದು ಶಿಲಿಂಗ್. ಎಲ್ಲರ ಓಟಕ್ಕೆ ಎರಡು ಸಾವಿರ, ಹೆಣ್ಣಿನ ಓಟಕ್ಕೆ ಒಂದು ಸಾವಿರ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅರ್ಧ ಕೂಲಿ! ಗಿನಿ ನಾಣ್ಯ ನಿಂತುಹೋಗಿ ಇನ್ನೂರು ವರ್ಷ ಆಯ್ತು. ಓಟದ ಹೆಸರಿನಲ್ಲಿ ಆ ಅರ್ಧ ಇನ್ನೂ ಹಾಗೇ ಇದೆ.

ಹಾಗಾದರೆ ಬೇರೆ ಓಟ ಅನ್ನೋದು ಹೆಣ್ಣು ಕುದುರೆಗೆ ತೋರಿಸಿದ ಕನಿಕರವಾ? ಅಲ್ಲ. ಇದು ಪಕ್ಕಾ ವ್ಯವಹಾರ, ಹೇಳ್ತೀನಿ ಕೇಳಿ.

ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶ ಇಲ್ಲ. ಗಂಡಿನ ಹತ್ತಿರವೇ ಹೆಣ್ಣನ್ನ ಕರೆದುಕೊಂಡು ಹೋಗಬೇಕು. ಹೆಸರಾದ ಒಂದು ಗಂಡು ಕುದುರೆ ಒಂದು ಋತುವಿನಲ್ಲಿ ನೂರು ಹೆಣ್ಣು ಕುದುರೆಗಳನ್ನ ಕೂಡಬಲ್ಲದು. ಆದ್ದರಿಂದ ಸಾವಿರ ಗಂಡುಗಳಲ್ಲಿ ಒಂದೆರಡು ತಳಿಗೆ ಉಳಿದರೂ ಸಾಕು, ಉಳಿದವುಗಳಲ್ಲಿ ಎಷ್ಟಕ್ಕೋ ಬೀಜ ಒಡೆಸಿ ಓಟಕ್ಕೆ ಬಿಡ್ತಾರೆ. ಹೆಣ್ಣಿನ ಲೆಕ್ಕ ಬೇರೆ. ಹನ್ನೊಂದು ತಿಂಗಳು ಹೊರಬೇಕು. ವರ್ಷಕ್ಕೆ ಒಂದೇ ಮರಿ. ಇಡೀ ಆಯುಷ್ಯದಲ್ಲಿ ಹತ್ತು ಹದಿನೈದು ಮರಿಯಾದರೆ ಹೆಚ್ಚು. ಯಾವ ತಾಯಿ ಹೊಟ್ಟೆಯಲ್ಲಿ ವೇಗ ಇದೆ ಅಂತ ಮರಿ ಹುಟ್ಟೋಕೆ ಮುಂಚೆಯೇ ಗೊತ್ತಾಗಬೇಕಲ್ಲ? ಗೊತ್ತಾಗೋದು ಹೇಗೆ? ಓಡಿಸಿ ನೋಡಬೇಕು. ಅದೂ ಸರಿಸಮಾನರ ನಡುವೆ ಓಡಿಸಿ ನೋಡಬೇಕು.

ಎಳೆ ವಯಸ್ಸಿನಲ್ಲಿ ಗಂಡು ಮರಿಗೆ ಮೈಕಟ್ಟು ಸ್ವಲ್ಪ ಜಾಸ್ತಿ. ಅದಕ್ಕೇ ಕೂಡಿ ಓಡುವ ರೇಸಿನಲ್ಲಿ ಹೆಣ್ಣು ಕುದುರೆ ಬೆನ್ನ ಮೇಲೆ ಒಂದೂವರೆ ಕೆ.ಜಿ.ಯಷ್ಟು ಭಾರ ಕಡಿಮೆ ಹಾಕ್ತಾರೆ. ಅಷ್ಟಾದರೂ ಎಷ್ಟೋ ಒಳ್ಳೆ ಹೆಣ್ಣು ಕುದುರೆಗಳು ಮೂರನೆಯದೋ ನಾಲ್ಕನೆಯದೋ ಬಂದು ಯಾರ ಕಣ್ಣಿಗೂ ಬೀಳದೆ ಹೋಗ್ತವೆ. ಹೆಣ್ಣಿಗೇ ಪ್ರತ್ಯೇಕ ಓಟ ಇದ್ದರೆ ಅವುಗಳಲ್ಲಿ ಯಾವುದು ಮೇಲು ಅಂತ ಬೆಳಕಿಗೆ ಬರುತ್ತೆ. ಗೆದ್ದವಳ ಹೆಸರು ದಾಖಲೆ ಸೇರುತ್ತೆ. ಇವತ್ತಿಗೂ ಕುದುರೆ ಹರಾಜಿನ ಕ್ಯಾಟಲಾಗ್ ತೆಗೆದು ನೋಡಿ. ದೊಡ್ಡ ಸ್ಟೇಕ್ಸ್ ಗೆದ್ದ ಕುದುರೆಯ ಹೆಸರು ದಪ್ಪ ಕಪ್ಪಕ್ಷರದಲ್ಲಿ ಇರುತ್ತೆ. ಕೊಳ್ಳೋಕೆ ಬಂದವನು ಮರಿಯ ಕಾಲು ನೋಡ್ತಾನೆ, ಎದೆ ನೋಡ್ತಾನೆ, ಆಮೇಲೆ ಬೆರಳಿಟ್ಟುಕೊಂಡು ಪುಟದ ಮೇಲೆ ಹುಡುಕೋದು ಆ ದಪ್ಪಕ್ಷರವನ್ನ. ತಾಯಿ ಗೆದ್ದಿದ್ದಾಳಾ? ತಾಯಿಯ ತಾಯಿ ಗೆದ್ದಿದ್ದಾಳಾ? ಆ ಒಂದು ಸಾಲಿಗೆ ಮರಿಯ ಬೆಲೆ ಏರುತ್ತೆ, ಇಳಿಯುತ್ತೆ.

ಇದನ್ನ ಲೆಕ್ಕ ಹಾಕಿ ತೋರಿಸಿದವನು ಆಸ್ಟ್ರೇಲಿಯಾದ ಬ್ರೂಸ್ ಲೋ. ಡರ್ಬಿ, ಓಕ್ಸ್, ಸೇಂಟ್ ಲೆಜರ್ ಗೆದ್ದ ಕುದುರೆಗಳನ್ನೆಲ್ಲ ಗುಡ್ಡೆ ಹಾಕಿ, ತಾಯಿ, ತಾಯಿಯ ತಾಯಿ ಅಂತ ಹಿಂದಕ್ಕೆ ಹೋದ. ಎಲ್ಲ ಸೇರಿ 43 ಮೂಲ ತಾಯಂದಿರು ಸಿಕ್ಕರು. ಅತಿ ಹೆಚ್ಚು ಗೆದ್ದ ವಂಶಕ್ಕೆ ಒಂದನೇ ನಂಬರು ಕೊಟ್ಟ. ಯಾರದು ಗೊತ್ತಾ ಆ ಒಂದನೇ ನಂಬರು? ಅದೇ ಹೆಸರಿಲ್ಲದ, ಟ್ರೆಗಾನ್ವೆಲ್‌ನ ಬಾರ್ಬ್ ಹೆಣ್ಣು ಕುದುರೆಯದು! 1895ರಲ್ಲಿ ಅವನ ಪುಸ್ತಕ ಬಂತು. ಅದನ್ನ ನೋಡೋಕೆ ಅವನೇ ಬದುಕಿರಲಿಲ್ಲ. ಅವನ ಎಲ್ಲ ಮಾತನ್ನ ಇವತ್ತು ಯಾರೂ ಒಪ್ಪಲ್ಲ, ನಂಬರಿನಿಂದ ವೇಗ ಬರೋದಿಲ್ಲ. ಆದರೆ ಆ ನಂಬರುಗಳು ಇವತ್ತಿಗೂ ವಂಶಾವಳಿಯಲ್ಲಿ ಬಳಕೆಯಲ್ಲಿವೆ. ವಿಜ್ಞಾನ ಇನ್ನೊಂದು ಸೇರಿಸಿತು. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಅಂತ ಇದೆಯಲ್ಲ, ಅದರ ಡಿಎನ್‌ಎ ಮರಿಗೆ ಬರೋದು ತಾಯಿಯಿಂದ ಮಾತ್ರ. ಅದನ್ನ ಪರೀಕ್ಷೆ ಮಾಡಿದಾಗ ಹಳೆಯ ಸ್ಟಡ್ ಬುಕ್ಕಿನ ಕೆಲವು ತಾಯಿ-ಮಗಳ ಸಾಲುಗಳೇ ತಪ್ಪು ಅಂತ ಗೊತ್ತಾಯ್ತು. ಹೆಸರಿಡದೆ ಬರೆದರೆ ಇನ್ನೇನಾಗುತ್ತೆ? ಅದಲು ಬದಲಾಗುತ್ತೆ.

ಹೆಣ್ಣಿನ ಓಟದಲ್ಲಿ ಗೆದ್ದವಳು ಅಲ್ಲಿಗೇ ನಿಂತಳಾ ಅಂದರೆ, ಅದೂ ಇಲ್ಲ. 1902ರಲ್ಲಿ ಸೆಪ್ಟರ್ ಅನ್ನೋ ಫಿಲ್ಲಿ ಹೆಣ್ಣಿನ 1000 ಗಿನಿ ಗೆದ್ದಳು, ಓಕ್ಸ್ ಗೆದ್ದಳು, ಎಲ್ಲರ ಜೊತೆ ಓಡಿ 2000 ಗಿನಿ, ಸೇಂಟ್ ಲೆಜರ್ ಎರಡನ್ನೂ ಗೆದ್ದಳು. ಐದು ದೊಡ್ಡ ಓಟಗಳಲ್ಲಿ ನಾಲ್ಕು. ಹೀಗೆ ನಾಲ್ಕನ್ನೂ ಒಂಟಿಯಾಗಿ ಗೆದ್ದ ಕುದುರೆ, ಗಂಡಾಗಲಿ ಹೆಣ್ಣಾಗಲಿ, ಇನ್ನೊಂದಿಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್. ಎರಡನೇ ಮಹಾಯುದ್ಧದ ಕಾಲ. ಹೊರದೇಶದ ಕುದುರೆ ತರಿಸೋದು ಕಷ್ಟ. ಇಲ್ಲೇ ಹುಟ್ಟಿದ ಕುದುರೆಗಳಿಗೆ ಇಂಗ್ಲೆಂಡಿನ ಮಾದರಿಯಲ್ಲೇ ದೊಡ್ಡ ಓಟ ಮಾಡೋಣ ಅಂತ 1940ರ ದಶಕದಲ್ಲಿ ಇಂಡಿಯನ್ 1000 ಗಿನಿ, 2000 ಗಿನಿ, ಓಕ್ಸ್, ಡರ್ಬಿ, ಸೇಂಟ್ ಲೆಜರ್ ಅಂತ ಶುರುವಾದವು. ನಮ್ಮಲ್ಲಿ ಗಿನಿ ನಾಣ್ಯ ಇರಲಿಲ್ಲ, ಆದರೂ ಗಿನಿ ಅಂತಲೇ ಕರೆದರು. 1943ರಲ್ಲಿ ಮೊದಲ ಡರ್ಬಿ. ಆಗ ಅದಕ್ಕೆ ಕಂಟ್ರಿಬ್ರೆಡ್ ಡರ್ಬಿ ಅಂತಿದ್ದರು, ಅಂದರೆ ನಾಟಿ ಕುದುರೆಗಳ ಡರ್ಬಿ. ಗೆದ್ದಿದ್ದು ಯಾರು ಹೇಳಿ? ಮತ್ತೆ ಹೆಣ್ಣು! ಪ್ರಿನ್ಸೆಸ್ ಬ್ಯೂಟಿಫುಲ್. ಬರೋಡಾ ಮಹಾರಾಜರ ಫಿಲ್ಲಿ, ಆಸ್ಟ್ರೇಲಿಯಾದ ಎಡ್ಗರ್ ಬ್ರಿಟ್ ಜಾಕಿ. 2010ರ ಡರ್ಬಿ ಗೆದ್ದ ಜಾಕ್ವೆಲಿನ್ ಕೂಡ ಹೆಣ್ಣೇ.

ನಮ್ಮಲ್ಲಿ 1000 ಗಿನಿ 1600 ಮೀಟರ್ ಓಟ, ಚಳಿಗಾಲದ ಡಿಸೆಂಬರ್ ಹೊತ್ತಿಗೆ, ಮೂರು ವರ್ಷದ ಹೆಣ್ಣು ಕುದುರೆಗಳಿಗೆ. ಜನವರಿ 1 ಬಂತು ಅಂದರೆ ಎಲ್ಲ ಥರೋಬ್ರೆಡ್‌ಗಳಿಗೂ ಒಂದೇ ದಿನ ಒಂದು ವರ್ಷ ಏರುತ್ತೆ, ಹುಟ್ಟಿದ ತಿಂಗಳು ಯಾವುದಾದರೂ ಇರಲಿ. ಶಾಲೆ ಮಾಸ್ತರು ಎಲ್ಲ ಮಕ್ಕಳಿಗೂ ಜೂನ್ 1 ಅಂತ ಹುಟ್ಟಿದ ದಿನ ಬರೀತಿದ್ದರಲ್ಲ, ಹಾಗೆ. ಹೀಗಾಗಿ ಆಮೇಲೆ ಬರುವ 2400 ಮೀಟರಿನ ಓಕ್ಸ್‌ನಲ್ಲಿ ಅದೇ ಹುಡುಗಿಯರು ನಾಲ್ಕು ವರ್ಷದವರಾಗಿ ಓಡ್ತಾರೆ.

ಕರ್ನಾಟಕವೂ ಹಿಂದೆ ಇಲ್ಲ. ಮೈಸೂರು ರೇಸ್ ಕ್ಲಬ್ 1891ರದು. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲಿ ಹೆಣ್ಣು ಕುದುರೆಗಳಿಗೇ ಅಂತ ಫಿಲ್ಲೀಸ್ ಟ್ರಯಲ್ ಸ್ಟೇಕ್ಸ್ ಇದೆ, ಬೆಂಗಳೂರು 1000 ಗಿನಿ ಇದೆ. ತಳಿ ವಿಷಯಕ್ಕೆ ಬಂದರೆ ಕುಣಿಗಲ್. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಾಗಿ ಶುರುವಾದ ಫಾರಂ. ಬ್ರಿಟಿಷರ ಕೈಗೆ ಹೋಯ್ತು, ಮೈಸೂರು ಅರಸರ ಕೈಗೆ ಬಂತು, ಸರ್ಕಾರದ ಕೈಗೆ ಬಂತು, 1992ರಲ್ಲಿ 30 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಹೋಯ್ತು. ಇಷ್ಟೆಲ್ಲ ಮಾಲೀಕರು ಬದಲಾದರೂ ಅಲ್ಲಿ ಮುಖ್ಯವಾಗಿ ಉಳಿದಿದ್ದು ತಾಯಿ ಕುದುರೆಗಳ ಲಾಯ. ವಿಜಯಪುರದ ಸುಲ್ತಾನರು ಹಡಗಿನಲ್ಲಿ ಹುಡುಕಿದ್ದನ್ನ ಕುಣಿಗಲ್‌ನಲ್ಲಿ ಹುಲ್ಲುಗಾವಲಿನಲ್ಲಿ ಬೆಳೆಸಿದರು.

ಇಲ್ಲೊಂದು ಮಾತು ಸ್ಪಷ್ಟ ಹೇಳಿಬಿಡ್ತೀನಿ. ರೇಸಿಗೆ ದುಡ್ಡು ಕಟ್ಟಿ ಅಂತ ನಾನು ಹೇಳ್ತಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ ಅಂತ ಹೇಳಿದೆ. ಕಾನೂನಿನ ಮಾತು ಅದು. ಸಂಬಳದ ದಿನವೇ ಜೇಬು ಖಾಲಿ ಮಾಡಿಕೊಂಡು ಮನೆಗೆ ಹೋದವನ ಹೆಂಡತಿಗೆ ಆ ತೀರ್ಪು ಓದಿ ಹೇಳೋಕೆ ಆಗಲ್ಲ. ಇನ್ನೊಂದು ಕಹಿ ಸತ್ಯವೂ ಇದೆ. ಗೆಲ್ಲದ ಹೆಣ್ಣು ಕುದುರೆಗೆ ದಪ್ಪಕ್ಷರ ಇಲ್ಲ. ಬೆಲೆ ಬೀಳುತ್ತೆ, ಕೈ ಬದಲಾಗುತ್ತೆ, ಯಾರೂ ಕೇಳೋರಿಲ್ಲ. ಓಟ ಹೆಸರು ಕೊಟ್ಟಿದ್ದು ನಿಜ. ಆದರೆ ಗೆದ್ದವಳಿಗೆ ಮಾತ್ರ ಕೊಟ್ಟಿತು.

ಗೋಳಗುಮ್ಮಟದ ಮುಂದೆ ಇಳಿದು, ಮಾರನೇ ದಿನ ಟಿಕೋಟಾ ಕಡೆ ಹೋದೆ. ಒಣ ದ್ರಾಕ್ಷಿ ಶೆಡ್ಡುಗಳ ಊರು. ರಸ್ತೆ ಪಕ್ಕ ಕುರುಬರ ಹಿಂಡು ಹೋಗ್ತಿತ್ತು. ಮುಂದೆ ಕುರಿ, ಹಿಂದೆ ತಟ್ಟು ಕುದುರೆ ಮೇಲೆ ಗಂಟುಮೂಟೆ, ಪಾತ್ರೆ, ಅದರ ಮೇಲೊಂದು ಕೋಳಿ. ಭೀಮಾ ನದಿಯ ದಂಡೆಯಲ್ಲಿ ಬೆಳೆದ ಕುದುರೆಗೆ ಮಹಾರಾಷ್ಟ್ರದಲ್ಲಿ ಭೀಮಥಡಿ ಅಂತಾರೆ. ಅರಬ್ಬಿ ಗಂಡಿಗೂ ಇಲ್ಲಿನ ನಾಟಿ ಹೆಣ್ಣಿಗೂ ಹುಟ್ಟಿದ ವಂಶ. ಮರಾಠರ ಸೈನ್ಯಕ್ಕೆ ಹೆಸರು ತಂದ ಕುದುರೆ. ಆ ನಾಟಿ ತಾಯಿ ಇಲ್ಲದಿದ್ದರೆ ಅರಬ್ಬಿ ಅಪ್ಪನ ವೇಗ ಈ ಬರದ ನೆಲದಲ್ಲಿ ಎರಡು ತಲೆಮಾರೂ ನಿಲ್ಲುತ್ತಿರಲಿಲ್ಲ.

ಅಲ್ಲಿಂದ ಬಬಲೇಶ್ವರ. ಚಹಾ ಅಂಗಡಿ ಮುಂದೆ ಇಬ್ಬರು ರೈತರು ಆಕಳ ವ್ಯಾಪಾರ ಮಾಡ್ತಾ ನಿಂತಿದ್ದರು. ಕೊಳ್ಳುವವನ ಮೊದಲ ಪ್ರಶ್ನೆ: "ಇದರವ್ವ ಎಷ್ಟ ಹಿಂಡ್ತಿತ್ತಪಾ?" ಎಷ್ಟು ಹಾಲು ಕೊಡ್ತಿತ್ತು ಅಂತ. ಅಪ್ಪ ಯಾರು ಅಂತ ಕೇಳಲಿಲ್ಲ. ಬ್ರೂಸ್ ಲೋ ಪುಸ್ತಕ ಬರೆದು ಹೇಳಿದ್ದನ್ನ ಬಬಲೇಶ್ವರದ ರೈತ ಚಹಾ ಕುಡೀತಾ ಹೇಳ್ತಿದ್ದ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತ ನಮ್ಮ ಹಿರಿಯರು ಯಾವಾಗಲೋ ಹೇಳಿಟ್ಟಿದ್ದಾರೆ. ದನಕ್ಕೆ ಗೊತ್ತಿದ್ದ ಲೆಕ್ಕ ಅದು. ಮನುಷ್ಯರ ವಿಷಯಕ್ಕೆ ಬಂದಾಗ ಮರೆತುಬಿಡ್ತೀವಿ.

ನನ್ನ ಅಜ್ಜಿಯ ತಾಯಿ ಈ ಬಬಲೇಶ್ವರದವಳು. ಹೆಸರೇನು? ಮನೆಗೆ ಫೋನ್ ಮಾಡಿ ಅವ್ವನ್ನ ಕೇಳಿದೆ. ಅವ್ವ ಸುಮ್ಮನಾದಳು. ಆಮೇಲೆ, "ಎಲ್ಲಾರೂ ಬಬಲೇಸೂರದಾಕಿ, ಬಬಲೇಸೂರದಾಕಿ ಅಂತನ ಕರೀತಿದ್ರಪಾ. ಹೆಸರ ನೆನಪಾಗವಲ್ದು" ಅಂದಳು. ಊರಿನ ಹೆಸರೇ ಆಕೆಯ ಹೆಸರು. ಟ್ರೆಗಾನ್ವೆಲ್‌ನ ಹೆಣ್ಣು ಕುದುರೆ ನೆನಪಾಯಿತು ನನಗೆ.

ಊರ ಮನೆಯಲ್ಲಿ ಆಕೆ ತವರಿನಿಂದ ತಂದ ಹಿತ್ತಾಳೆ ಕೊಡ ಇನ್ನೂ ಇದೆ. ಹೆಸರು ಕೊರೆಸಿರ್ತಾರಲ್ಲ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡಿದೆ. ಆಕೆಯ ಅಪ್ಪನ ಹೆಸರಿತ್ತು. ಊರಿನ ಹೆಸರಿತ್ತು. ಆಮೇಲೆ 'ಇವರ ಮಗಳಿಗೆ' ಅಂತಿತ್ತು. ಅಷ್ಟೇ. 'ಇಂಥವನ ಮಗಳು.' ಲಂಡನ್ನಿನ ಸ್ಟಡ್ ಬುಕ್ಕೇ ನಮ್ಮ ಮನೆ ಕೊಡದ ಮೇಲಿತ್ತು.

ಹೆಣ್ಣುಮಕ್ಕಳನ್ನ ಕುದುರೆಗೆ ಹೋಲಿಸ್ತಾನೆ ಇವನು ಅಂತ ಬೈಬೇಡಿ. ನನ್ನ ಸಿಟ್ಟು ಉಲ್ಟಾ ಇದೆ. ರೇಸಿನ ಜನ ದುಡ್ಡಿನಾಸೆಗಾದರೂ ಹೆಣ್ಣಿಗೆ ಒಂದು ಓಟ ಕೊಟ್ಟು, ಒಂದು ಹೆಸರು ಕೊಟ್ಟು, ದಪ್ಪಕ್ಷರದಲ್ಲಿ ಅಚ್ಚು ಹಾಕಿ, ತಲೆತಲಾಂತರ ಕಾಪಾಡಿದರು. ಇವತ್ತು ಯಾವುದೋ ಫಿಲ್ಲಿಯ ಹತ್ತು ತಲೆಮಾರಿನ ತಾಯಂದಿರ ಹೆಸರು ನಿಮಗೆ ಒಂದು ಗಂಟೆಯಲ್ಲಿ ಸಿಗುತ್ತೆ. ನಮ್ಮ ಮುತ್ತಜ್ಜಿಯ ಹೆಸರು ಸಿಗಲ್ಲ.

ಭೀಮಾ ದಾಟಿದರೆ ಮಹಾರಾಷ್ಟ್ರ. ಅಲ್ಲಿ 2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಪಕ್ಕ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು ಬರೀಬೇಕು ಅಂತ ಸರ್ಕಾರ ತೀರ್ಮಾನ ಮಾಡಿದೆ. ಒಳ್ಳೆಯದೇ. ಆದರೆ ಅದು ಮುಂದಿನವರಿಗೆ ಆಯಿತು. ಹಿಂದಿನವರಿಗೆ? ಅವರ ಹೆಸರು ಯಾವ ಕಚೇರಿಯಲ್ಲೂ ಇಲ್ಲ. ಚಾಚಾ ತಲೆಯಲ್ಲಿ ನೂರಿಯ ವಂಶಾವಳಿ ಇದ್ದ ಹಾಗೆ, ನಿಮ್ಮ ಮನೆಯ ಯಾವುದೋ ಮುದುಕಿಯ ತಲೆಯಲ್ಲಿ ಇರಬಹುದು. ಆಕೆ ಹೋದರೆ ಅದೂ ಹೋಯ್ತು.

ಮೂರು ದಿನ ಬಿಟ್ಟು ರಾತ್ರಿ ಹತ್ತೂವರೆಗೆ ಅವ್ವನ ಫೋನ್ ಬಂತು. ಟಿಕೋಟಾದಲ್ಲಿರೋ ತೊಂಬತ್ತರ ಹತ್ತಿರದ ದೂರದ ಅತ್ತೆಯೊಬ್ಬರಿಗೆ ಯಾರ ಕೈಲೋ ಹೇಳಿ ಕಳಿಸಿ ಕೇಳಿಸಿದ್ದಳು. ಅವ್ವನ ದನಿಯಲ್ಲಿ ಏನೋ ಗೆದ್ದ ಹುರುಪು. "ಸಿಕ್ತು ನೋಡಪಾ" ಅಂದಳು. ಹೆಸರು ಹೇಳಿದಳು. ಎರಡು ಸಲ ಹೇಳಿದಳು, ನಾನು ತಪ್ಪು ಬರ್ಕೋತೀನೇನೋ ಅಂತ.

ಆ ಹೆಸರನ್ನ ಇಲ್ಲಿ ಬರೆಯಲ್ಲ. ಅದು ನನ್ನ ಮಗಳ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ, ದಪ್ಪಕ್ಷರದಲ್ಲಿ. ಶುರುವಿನಲ್ಲಿ ನಿಮಗೊಂದು ಪ್ರಶ್ನೆ ಕೇಳಿದ್ದೆ. ಉತ್ತರ ಸಿಕ್ಕಿಲ್ಲ ಅಂದರೆ ಈ ಪುಸ್ತಕ ಪಕ್ಕಕ್ಕಿಡಿ. ಮನೆಯ ಹಿರಿಯಾಕೆಗೆ ಒಂದು ಫೋನ್ ಮಾಡಿ. ಇವತ್ತೇ ಮಾಡಿ.